ಫೈಲಿನಲ್ಲಿ ಳ, ಪುಸ್ತಕದಲ್ಲಿ ೞ

(ಕಾಲೇಜೊಂದರ ಕನ್ನಡ ವಿಭಾಗದಲ್ಲಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೋರ್ಡಿನ ಮೇಲೆ ಎರಡು ಪದ ಬರೆದಿದ್ದೇನೆ, ನೋಡಿ. ಒಂದು ‘ಧರ್ಮ’. ಇನ್ನೊಂದು ‘ಧಮ೯’. ಹಿಂದಿನ ಬೆಂಚಿನಿಂದ ನೋಡಿದರೆ ಎರಡೂ ಒಂದೇ ಅಲ್ವಾ? ಓದುವವರಿಗೆ ಒಂದೇ. ಕಂಪ್ಯೂಟರಿಗೆ ಮಾತ್ರ ಇವು ಬೇರೆ ಬೇರೆ. ಎರಡನೆಯದರಲ್ಲಿ ‘ರ’ ಇಲ್ಲವೇ ಇಲ್ಲ. ಅಲ್ಲಿರುವುದು ಕನ್ನಡದ ಅಂಕಿ ಒಂಬತ್ತು. ಅರ್ಕಾವತ್ತು ನೋಡಲು ಒಂಬತ್ತರ ಹಾಗೇ ಇರುತ್ತದೆ. ಅದಕ್ಕೇ ಯಾರೋ ಅವಸರದಲ್ಲಿ ಅಂಕಿ ಒತ್ತಿ ಮುಂದೆ ಹೋಗಿದ್ದಾರೆ. ಸೊನ್ನೆಯ ಕತೆಯೂ ಇದೇ. ‘ಬಂದ’ ಅಂತ ಬರೆಯುವಾಗ ಅನುಸ್ವಾರದ ಬದಲು ಅಂಕಿ ಸೊನ್ನೆ ಒತ್ತಿದರೆ ‘ಬ೦ದ’ ಆಗುತ್ತದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹುಡುಕಿದರೆ ಸಿಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಒಂದು ಹಳೆಯ ಗದ್ಯ ಪುಸ್ತಕದ ಫೈಲ್ ಇಟ್ಟುಕೊಂಡು ‘ಧರ್ಮ’ ಎಷ್ಟು ಸಲ ಬಂದಿದೆ ಅಂತ ಎಣಿಸಿದೆ. ಬೆರಳೆಣಿಕೆಯಷ್ಟು ಸಿಕ್ಕಿತು. ಈ ಲೇಖಕರು ಧರ್ಮದ ಬಗ್ಗೆ ಜಾಸ್ತಿ ಮಾತಾಡಿಲ್ಲ ಅಂತ ಟಿಪ್ಪಣಿ ಬರೆದುಕೊಂಡೆ. ಎರಡು ದಿನ ಬಿಟ್ಟು ಪುಸ್ತಕವನ್ನೇ ಓದಲು ಕೂತೆ. ಪುಟಪುಟದಲ್ಲೂ ಧರ್ಮ! ಟೈಪ್ ಮಾಡಿದ್ದು ಇಬ್ಬರು. ಒಬ್ಬರು ಅರ್ಕಾವತ್ತು ಹಾಕಿದ್ದರು, ಇನ್ನೊಬ್ಬರು ಒಂಬತ್ತು ಹಾಕಿದ್ದರು. ನನ್ನ ಲೆಕ್ಕ ಲೇಖಕರ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಟೈಪ್ ಮಾಡಿದ ಆ ಇಬ್ಬರ ಬಗ್ಗೆ ಹೇಳುತ್ತಿತ್ತು. ಆ ಟಿಪ್ಪಣಿ ಹರಿದು ಹಾಕಿದೆ. ಇವತ್ತಿನ ಮಾತು ಹುಟ್ಟಿದ್ದು ಅಲ್ಲಿಂದ.

ಡಿಜಿಟಲ್ ಹ್ಯುಮ್ಯಾನಿಟೀಸ್ ಅನ್ನುವ ಹೆಸರು ಈಗ ವಿಶ್ವವಿದ್ಯಾಲಯಗಳಲ್ಲಿ ತುಂಬ ಕೇಳಿಬರುತ್ತಿದೆ. ಹೆಸರಿಗೆ ಹೆದರಬೇಡಿ. ಸಾಹಿತ್ಯ, ಇತಿಹಾಸ, ಭಾಷೆ, ಶಾಸನ, ಇವುಗಳ ಬಗ್ಗೆ ನಾವು ಯಾವತ್ತೂ ಕೇಳುತ್ತಿದ್ದ ಪ್ರಶ್ನೆಗಳಿಗೆ ಕಂಪ್ಯೂಟರ್ ಬಳಸಿ ಉತ್ತರ ಹುಡುಕುವುದು, ಕಂಪ್ಯೂಟರ್ ಇರುವುದರಿಂದಲೇ ಸಾಧ್ಯವಾಗುವ ಹೊಸ ಪ್ರಶ್ನೆಗಳನ್ನು ಕೇಳುವುದು, ಇಷ್ಟೇ. ಇದರ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ನಕ್ಷೆ, ಗ್ರಾಫು, ಬಣ್ಣಬಣ್ಣದ ಜಾಲಗಳನ್ನು ತೋರಿಸುತ್ತಾರೆ. ನಾನು ಇವತ್ತು ಅವು ಯಾವುದನ್ನೂ ತಂದಿಲ್ಲ. ಆ ಗ್ರಾಫುಗಳೆಲ್ಲ ಪಠ್ಯದ ಮೇಲೆ ನಿಂತಿರುತ್ತವೆ. ಆ ಪಠ್ಯವನ್ನು ಕಂಪ್ಯೂಟರಿನೊಳಗೆ ತಂದವರು ಟೈಪ್ ಮಾಡುವವರು, ಕರಡು ತಿದ್ದುವವರು. ಅವರು ಒಂದೊಂದು ಅಕ್ಷರಕ್ಕೂ ತೀರ್ಮಾನ ಮಾಡಿರುತ್ತಾರೆ. ಆ ತೀರ್ಮಾನಗಳೇ ಸಂಶೋಧನೆಯ ಮೊದಲ ಭಾಗ. ಅದನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದರ ಬಗ್ಗೆಯೇ ನನ್ನ ಮಾತು.

ಈ ಕ್ಷೇತ್ರದ ಚರಿತ್ರೆ ಹೇಳುವವರೆಲ್ಲ ಒಬ್ಬ ಪಾದ್ರಿಯಿಂದ ಶುರು ಮಾಡುತ್ತಾರೆ. ಇಟಲಿಯ ರೊಬೆರ್ತೊ ಬುಸಾ. ಹದಿಮೂರನೇ ಶತಮಾನದ ತತ್ವಜ್ಞಾನಿ ಥಾಮಸ್ ಅಕ್ವಿನಾಸ್ ಬರೆದದ್ದರಲ್ಲಿ ದೇವರ ‘ಇರುವಿಕೆ’ ಅಂದರೇನು ಅನ್ನುವುದು ಅವರ ಸಂಶೋಧನೆಯ ವಿಷಯ. ಮೊದಲು ಅವರು ‘ಇರುವಿಕೆ’ ಅನ್ನುವ ಅರ್ಥದ ಲ್ಯಾಟಿನ್ ಪದವನ್ನೇ ಹುಡುಕಿದರು. ಅದರಿಂದ ಹೆಚ್ಚೇನೂ ಗಿಟ್ಟಲಿಲ್ಲ. ಆಮೇಲೆ ಅವರಿಗೆ ಹೊಳೆಯಿತು, ಅಕ್ವಿನಾಸ್ ಈ ವಿಚಾರವನ್ನು ಹೇಳುವುದು ದೊಡ್ಡ ಪದದಿಂದಲ್ಲ, ‘ಇನ್’ ಅನ್ನುವ ಚಿಕ್ಕ ಪದದಿಂದ. ನಮ್ಮ ‘ಅಲ್ಲಿ’, ‘ಒಳಗೆ’ ಇದ್ದ ಹಾಗೆ. ಸರಿ, ‘ಇನ್’ ಬರುವ ವಾಕ್ಯಗಳನ್ನು ಒಂದೊಂದು ಚೀಟಿಯ ಮೇಲೆ ಕೈಯಲ್ಲೇ ಬರೆಯುತ್ತಾ ಹೋದರು. 10,000 ಚೀಟಿ ಆಯಿತು. ಯಂತ್ರದ ನೆರವು ಬೇಕು ಅನ್ನಿಸಿದ್ದು ಆಗ.

1949ರಲ್ಲಿ ಅವರು ನ್ಯೂಯಾರ್ಕಿಗೆ ಹೋಗಿ ಐಬಿಎಂ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರನ್ನು ಕಂಡರು. ರಂಧ್ರ ಕೊರೆದ ಕಾರ್ಡುಗಳ ಮೂಲಕ ಅಕ್ವಿನಾಸರ ಬರಹವನ್ನೆಲ್ಲ ಯಂತ್ರಕ್ಕೆ ಉಣಿಸುವ ಕೆಲಸ ಶುರುವಾಯಿತು. ಸುಮಾರು 1.1 ಕೋಟಿ ಪದಗಳು. ಕೊನೆಗೆ ಅದು 56 ಸಂಪುಟಗಳ ಪದಸೂಚಿಯಾಗಿ ಅಚ್ಚಾಗಿ ಮುಗಿಯುವ ಹೊತ್ತಿಗೆ 1980 ಬಂದಿತ್ತು. ಮೂವತ್ತು ವರ್ಷದ ಕೆಲಸ.

ಕಾರ್ಡುಗಳಿಗೆ ರಂಧ್ರ ಕೊರೆದವರು ಯಾರು? ಮಿಲಾನ್ ಹತ್ತಿರದ ಗಲ್ಲರಾತೆ ಅನ್ನುವ ಊರಿನ ಹುಡುಗಿಯರು. ಬುಸಾ ಅಲ್ಲಿ ಒಂದು ತರಬೇತಿ ಶಾಲೆಯನ್ನೇ ನಡೆಸಿದರು. ಒಬ್ಬಳು ಕೊರೆದದ್ದನ್ನು ಮತ್ತೆ ಒತ್ತಿ ತಾಳೆ ನೋಡುವ ಕೆಲಸವೂ ಅಲ್ಲಿ ನಡೆಯುತ್ತಿತ್ತು. ಹಳೆಯ ಫೋಟೊಗಳಲ್ಲಿ ಅವರ ಮುಖಗಳಿವೆ, ಹೆಸರುಗಳಿರಲಿಲ್ಲ. ಈಚಿನ ವರ್ಷಗಳಲ್ಲಿ ಮೆಲಿಸ್ಸಾ ಟೆರಸ್, ಜೂಲಿಯಾನ್ ನೈಹನ್ ಅವರಂಥ ವಿದ್ವಾಂಸರು ಆ ಹೆಂಗಸರು ಯಾರು ಅಂತ ಹುಡುಕಿದರು. ಕೆಲವರನ್ನು ಮಾತಾಡಿಸಿ ಬರೆದುಕೊಂಡರು. ಅಷ್ಟು ಹೊತ್ತಿಗೆ ಅವರೆಲ್ಲ ಮುದುಕಿಯರಾಗಿದ್ದರು.

ಬುಸಾ ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಆ ಹುಡುಗಿಯರಿಗೆ ಲ್ಯಾಟಿನ್ ಬರುತ್ತಿರಲಿಲ್ಲ, ಬರದೇ ಇದ್ದದ್ದರಿಂದಲೇ ಅವರ ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು ಅಂತ ಅವರು ಬರೆದಿದ್ದಾರೆ. ಲ್ಯಾಟಿನ್ ಪಂಡಿತರಿಗೆ ತಮ್ಮ ಮೇಲೆ ನಂಬಿಕೆ ಜಾಸ್ತಿ, ಹಾಗಾಗಿ ಎಚ್ಚರ ಕಡಿಮೆ. ಈ ಮಾತನ್ನು ಕೇಳಿದಾಗ ನನಗೆ ನಮ್ಮ ವಚನಗಳ ಕರಡು ನೆನಪಾಯಿತು. ‘ಆದಡೆ’ ಅಂತ ಇರುವುದನ್ನು ಎಷ್ಟು ಜನ ‘ಆದರೆ’ ಅಂತ ತಿದ್ದಿದ್ದಾರೆ! ‘ಇದ್ದಿತ್ತು’ ಇದ್ದರೆ ‘ಇತ್ತು’. ಬೇಕಂತ ಮಾಡಿದ್ದಲ್ಲ. ಕನ್ನಡ ಚೆನ್ನಾಗಿ ಬರುವುದರಿಂದಲೇ ಆದದ್ದು. ಕಣ್ಣು ಓದುವ ಮೊದಲೇ ಮನಸ್ಸು ಓದಿ ಮುಗಿಸಿರುತ್ತದೆ. ಆಮೇಲೆ ಯಾರಾದರೂ ಬಂದು ‘ಅಡೆ’ ರೂಪ ಯಾವ ಶತಮಾನದಲ್ಲಿ ಕಡಿಮೆಯಾಯಿತು ಅಂತ ಲೆಕ್ಕ ಹಾಕಿದರೆ, ಆ ಲೆಕ್ಕದಲ್ಲಿ ಹನ್ನೆರಡನೇ ಶತಮಾನವೂ ಇರುತ್ತದೆ, ಹೋದ ವರ್ಷ ಕರಡು ತಿದ್ದಿದವರೂ ಇರುತ್ತಾರೆ. ಎರಡನ್ನೂ ಬೇರೆ ಮಾಡುವುದು ಹೇಗೆ?

ಈಗ ಬುಸಾ ಕೇಳಿದ ಪ್ರಶ್ನೆಯನ್ನೇ ಕನ್ನಡದಲ್ಲಿ ಕೇಳಿ ನೋಡೋಣ. ಇದು ನನಗೆ ತುಂಬ ಇಷ್ಟವಾದ ಭಾಗ, ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಬಸವಣ್ಣನವರ ಒಂದು ವಚನ ನಿಮಗೆಲ್ಲ ಗೊತ್ತಿರುತ್ತದೆ. ‘ಉದಕದೊಳಗೆ’ ಅಂತ ಶುರುವಾಗುತ್ತದೆ. ನೀರಿನೊಳಗೆ ಬಚ್ಚಿಟ್ಟ ಕಿಚ್ಚಿನ ಹಾಗೆ ಇತ್ತು ಅನ್ನುತ್ತದೆ. ಆಮೇಲೆ ‘ಸಸಿಯೊಳಗಣ ರಸದ ರುಚಿ’, ‘ನನೆಯೊಳಗಣ ಪರಿಮಳ’. ನನೆ ಅಂದರೆ ಮೊಗ್ಗು. ಮೊಗ್ಗಿನೊಳಗೆ ಪರಿಮಳ ಇದೆ, ಆದರೆ ಇನ್ನೂ ಹೊರಗೆ ಬಂದಿಲ್ಲ. ಕೂಡಲಸಂಗಮದೇವರ ನಿಲುವು ಹಾಗಿತ್ತು ಅಂತ. ನೋಡಿ, ಇದು ದೇವರ ಇರುವಿಕೆಯ ಬಗ್ಗೆಯೇ ಇರುವ ವಚನ. ಆದರೆ ‘ಇರುವಿಕೆ’ ಅನ್ನುವ ಪದ ಇಲ್ಲಿಲ್ಲ. ಇಡೀ ವಿಚಾರವನ್ನು ಹೊತ್ತಿರುವುದು ‘ಒಳಗೆ’, ‘ಒಳಗಣ’ ಅನ್ನುವ ಚಿಕ್ಕ ಪದಗಳು. ಬುಸಾ ಲ್ಯಾಟಿನ್‌ನಲ್ಲಿ ಕಂಡದ್ದೇ ಇಲ್ಲೂ ಇದೆ.

ಸರಿ, ವಚನಗಳಲ್ಲೆಲ್ಲ ‘ಒಳಗೆ’ ಎಲ್ಲೆಲ್ಲಿ ಬಂದಿದೆ ಅಂತ ಹುಡುಕೋಣ. ಹುಡುಕುವ ಜಾಗದಲ್ಲಿ ‘ಒಳಗೆ’ ಅಂತ ಟೈಪ್ ಮಾಡಿದರೆ ಈ ವಚನ ಬರುವುದೇ ಇಲ್ಲ! ಯಾಕೆ? ಲ್ಯಾಟಿನ್‌ನಲ್ಲಿ ‘ಇನ್’ ಒಂಟಿಯಾಗಿ ನಿಲ್ಲುತ್ತದೆ. ಆಚೆ ಈಚೆ ಜಾಗ ಬಿಟ್ಟಿರುತ್ತಾರೆ. ನಮ್ಮ ‘ಒಳಗೆ’ ಹಿಂದಿನ ಪದಕ್ಕೆ ಅಂಟಿಕೊಳ್ಳುತ್ತದೆ. ಉದಕದ ಮತ್ತು ಒಳಗೆ ಸೇರಿ ಉದಕದೊಳಗೆ. ಶಾಲೆಯಲ್ಲಿ ಕಲಿತ ಲೋಪಸಂಧಿ. ಸಂಧಿಯಾದ ಮೇಲೆ ‘ಒ’ ಅನ್ನುವ ಅಕ್ಷರವೇ ಉಳಿಯಲಿಲ್ಲ, ‘ದ’ ಮೇಲಿನ ಒತ್ವವಾಯಿತು. ಕಂಪ್ಯೂಟರಿನ ಲೆಕ್ಕದಲ್ಲಿ ಸ್ವರಾಕ್ಷರ ‘ಒ’ ಬೇರೆ, ಒತ್ವದ ಚಿಹ್ನೆ ಬೇರೆ. ಹಾಗಾದರೆ ಬರೀ ‘ಳಗ’ ಅಂತ ಹುಡುಕೋಣ ಅಂತೀರಾ? ಆಗ ‘ಕೆಳಗೆ’ ಬರುತ್ತದೆ, ‘ಬೆಳಗು’ ಬರುತ್ತದೆ, ‘ಕಾಳಗ’ ಬರುತ್ತದೆ. ಒತ್ವ ಸೇರಿಸಿ ಹುಡುಕಿದರೆ ಕಾಳು ಅಳೆಯುವ ‘ಕೊಳಗ’ವೂ ಜತೆಗೆ ಬರುತ್ತದೆ. ಅದರ ಮೇಲೆ ‘ಒಳು’, ‘ಒಳ್’, ‘ಅಲ್ಲಿ’, ಇವೂ ಅದೇ ಕೆಲಸ ಮಾಡುತ್ತವೆ. ‘ಲಿಂಗದೊಳಗೆ’ ಅನ್ನುವುದಕ್ಕೂ ‘ಲಿಂಗದಲ್ಲಿ’ ಅನ್ನುವುದಕ್ಕೂ ಅರ್ಥದಲ್ಲಿ ವ್ಯತ್ಯಾಸ ಇದೆಯೇ? ಅದನ್ನು ವಚನ ಓದಿದವರು ಹೇಳಬೇಕು. ಯಂತ್ರ ಹೇಳುವುದಿಲ್ಲ.

ಅಂದರೆ ಈ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲು ಯಾರಾದರೂ ಕೂತು ಪದಗಳನ್ನು ಬಿಡಿಸಬೇಕು. ಒಂದೊಂದು ಕಡೆಯೂ ಇದು ‘ಒಳಗೆ’, ಇದು ‘ಕೊಳಗ’ ಅಂತ ಗುರುತು ಹಾಕಬೇಕು. ಸಂಧಿ ಬಿಡಿಸುವ ಸಾಫ್ಟ್‌ವೇರ್‌ಗಳು ಸುಮಾರು ಸಹಾಯ ಮಾಡುತ್ತವೆ, ಸುಳ್ಳಲ್ಲ. ಆದರೆ ಅವು ಮಾಡಿದ್ದು ಸರಿಯೇ ಅಂತ ನೋಡಲು ಮತ್ತೆ ಓದುಗರೇ ಬೇಕು. ಇಲ್ಲಿ ಕುಳಿತಿರುವ ಎಂ.ಎ. ವಿದ್ಯಾರ್ಥಿಗಳಲ್ಲಿ ಒಬ್ಬರು ಒಂದೇ ಒಬ್ಬ ವಚನಕಾರರನ್ನು ಇಟ್ಟುಕೊಂಡು ಈ ಕೆಲಸ ಮಾಡಿದರೂ ಅದು ಒಳ್ಳೆಯ ಸಂಶೋಧನೆಯಾಗುತ್ತದೆ. ನಾನು ಮನಸಾರೆ ಹೇಳುತ್ತಿದ್ದೇನೆ.

ವಚನಗಳ ವಿಷಯದಲ್ಲಿ ನಾವು ಪುಣ್ಯವಂತರು. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದುಕೊಂಡು ಓಲೆಗರಿಗಳನ್ನು ಹುಡುಕಿ, ಪ್ರತಿ ಮಾಡಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದರು. ಮುಂದೆ ಸ್ವಂತ ಅಚ್ಚುಕೂಟವನ್ನೇ ಹಾಕಿದರು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಂಪುಟಗಳನ್ನು ತಂದಿತು. ಒಟ್ಟು 15 ಸಂಪುಟ. ಅದಾದ ಮೇಲೆ ಓ.ಎಲ್. ನಾಗಭೂಷಣ ಸ್ವಾಮಿ, ಓಂಶಿವಪ್ರಕಾಶ್, ಪವಿತ್ರಾ ಅವರು ಸೇರಿ ‘ವಚನ ಸಂಚಯ’ ಅನ್ನುವ ಜಾಲತಾಣ ಕಟ್ಟಿದರು. ಈಗ 20 ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಯಾರು ಬೇಕಾದರೂ ಪದ ಹುಡುಕಬಹುದು. ಓಲೆಗರಿ, ಅಚ್ಚು, ಹಳೆಯ ಫಾಂಟು, ಈಗ ಯೂನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಟ್ಟಿರುವ ಪಟ್ಟಿ. ಒಂದೊಂದು ದಾಟಿನಲ್ಲೂ ಯಾರೋ ಕೂತು ಅಕ್ಷರ ಅಕ್ಷರ ನೋಡಿದ್ದಾರೆ.

ಇದರಿಂದ ಏನು ಉಪಯೋಗ ಅಂತ ಕೇಳುವವರಿಗೆ ನಾನು ಯಾವಾಗಲೂ ಒಂದು ಉದಾಹರಣೆ ಕೊಡುತ್ತೇನೆ. ‘ಕಾಯಕವೇ ಕೈಲಾಸ’ ಯಾರ ಮಾತು? ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ ಬಸವಣ್ಣ ಅನ್ನುತ್ತಾರೆ. ಬಸ್ಸಿನ ಮೇಲೆ, ಕಚೇರಿ ಗೋಡೆ ಮೇಲೆ ಹಾಗೇ ಬರೆದಿರುತ್ತಾರೆ. ಹುಡುಕಿ ನೋಡಿ. ಆ ಮಾತು ನಿಮ್ಮನ್ನು ಆಯ್ದಕ್ಕಿ ಮಾರಯ್ಯನ ಹತ್ತಿರ ಕರೆದುಕೊಂಡು ಹೋಗುತ್ತದೆ. ‘ಕಾಯಕದಲ್ಲಿ ನಿರತನಾದಡೆ’ ಅಂತ ಶುರುವಾಗುವ ವಚನ. ಕೆಲಸದಲ್ಲಿ ಮುಳುಗಿದ್ದರೆ ಗುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅನ್ನುತ್ತಾನೆ. ‘ಕಾಯಕವೆ ಕೈಲಾಸವಾದ ಕಾರಣ’ ಅನ್ನುವ ಸಾಲು ಅಲ್ಲಿದೆ. ಅಮರೇಶ್ವರಲಿಂಗ ಅಂಕಿತ. ಬಿದ್ದ ಅಕ್ಕಿ ಆಯುವುದು ಅವನ ಕಾಯಕ. ಆ ಮಾತನ್ನು ಬರೆದವನ ಹೊಟ್ಟೆ ನಡೆಯುತ್ತಿದ್ದದ್ದೇ ಆ ಕೆಲಸದಿಂದ ಅಂತ ಗೊತ್ತಾದ ಕೂಡಲೇ ಅದರ ತೂಕ ಬೇರೆಯಾಗುತ್ತದೆ, ಅಲ್ವಾ? ವಿದ್ವಾಂಸರಿಗೆ ಇದು ಮೊದಲಿಂದಲೂ ಗೊತ್ತಿತ್ತು. ಈಗ ಹೈಸ್ಕೂಲ್ ಹುಡುಗಿಯೂ ಅರ್ಧ ನಿಮಿಷದಲ್ಲಿ ತಾನೇ ನೋಡಿ ಹೇಳಬಹುದು. ಇದು ಸಣ್ಣ ಬದಲಾವಣೆ ಅಲ್ಲ.

ಆದರೆ ಇಲ್ಲೂ ಒಂದು ಎಚ್ಚರ ಬೇಕು. ‘ಕಾಯಕವೇ’ ಅಂತ ದೀರ್ಘ ಹಾಕಿ ಹುಡುಕಿದರೆ ಈ ಸಾಲು ತಪ್ಪಿಹೋಗಬಹುದು. ವಚನದಲ್ಲಿರುವುದು ‘ಕಾಯಕವೆ’, ಹ್ರಸ್ವ. ಸಿಗಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಅಲ್ಲ.

ಇನ್ನು ‘ೞ’. ಹಳಗನ್ನಡ ಓದುವವರಿಗೆ ಇದು ಪ್ರಾಣದ ಅಕ್ಷರ. ‘ಬಾಳ್’ ಅಂದರೆ ಕತ್ತಿ. ‘ಬಾೞ್’ ಅಂದರೆ ಬದುಕು. ‘ೞ’ ತೆಗೆದು ‘ಳ’ ಹಾಕಿದರೆ ಬದುಕೂ ಕತ್ತಿಯೂ ಒಂದೇ ಆಗಿಬಿಡುತ್ತದೆ. ಹದಿಮೂರನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಈ ಅಕ್ಷರಗಳ ಬಗ್ಗೆ ವಿಶೇಷವಾಗಿ ಎಚ್ಚರಿಸುತ್ತಾನೆ. ಆಗಲೇ ಜನ ಎರಡನ್ನೂ ಕಲಸುತ್ತಿದ್ದರು.

ಯೂನಿಕೋಡ್‌ನಲ್ಲಿ ‘ೞ’ಕ್ಕೆ ಜಾಗ ಇದೆ. ಆದರೆ ಅದರ ಹೆಸರು ಏನು ಗೊತ್ತಾ? ಅಲ್ಲಿನ ಪಟ್ಟಿಯಲ್ಲಿ ಅದನ್ನು ‘ಫ’ ಅನ್ನುವ ಉಚ್ಚಾರಣೆ ಬರುವ ಹಾಗೆ ‘ಕನ್ನಡ ಲೆಟರ್ ಫಾ’ ಅಂತ ಕರೆದಿದ್ದಾರೆ! ಮೊದಲು ಹೆಸರಿಟ್ಟಾಗ ಆದ ತಪ್ಪು. ಯೂನಿಕೋಡ್‌ನಲ್ಲಿ ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದು ಅನ್ನುವ ನಿಯಮ ಇದೆ. ಅದಕ್ಕೇ ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರು ಸೇರಿಸಿದ್ದಾರೆ. ಹಳೆಯ ತಪ್ಪು ಹಾಗೇ ಇದೆ, ತಿದ್ದುಪಡಿಯೂ ಅದರ ಪಕ್ಕದಲ್ಲೇ ಇದೆ. ನನಗೆ ಈ ಪದ್ಧತಿ ಇಷ್ಟ. ತಪ್ಪನ್ನು ಸುಮ್ನೆ ಅಳಿಸಿ ಹಾಕಿದ್ದರೆ, ಹಿಂದೆ ಆ ಹೆಸರಿನ ಮೇಲೆ ಕಟ್ಟಿದ್ದೆಲ್ಲ ಕುಸಿಯುತ್ತಿತ್ತು.

ಶಾಸನಗಳಲ್ಲಿ ಈ ಮಾತು ಇನ್ನೂ ಗಂಭೀರ. ಬಿ.ಎಲ್. ರೈಸ್ 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತರಲು ಶುರು ಮಾಡಿದರು. ಸಾವಿರಾರು ಶಾಸನಗಳು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಕಪ್ಪಿನ ಮೇಲೆ ಬಿಳಿ ಅಕ್ಷರ ಮೂಡುತ್ತದೆ. ಈಗ ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯ ತಂಡ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಪರದೆಯ ಮೇಲೆ ಬೆಳಕನ್ನು ಯಾವ ಕಡೆಯಿಂದ ಬೇಕಾದರೂ ಬೀಳಿಸಬಹುದು. ಕಲ್ಲಿನ ಮುಂದೆ ಕೂತು ಕಾಣದ ಗೀಟು ಅಡ್ಡ ಬೆಳಕಿನಲ್ಲಿ ಎದ್ದು ಬರುತ್ತದೆ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸದ ವೇಳೆ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು 750ನೇ ಇಸವಿಯದ್ದು. ಬೆಂಗಳೂರಿನ ಚರಿತ್ರೆ ಕೆಂಪೇಗೌಡರಿಂದ ಶುರು ಅಂತ ಅಂದುಕೊಂಡವರಿಗೆ ಆ ಒಂದು ಕಲ್ಲು ಸಾಕು.

ನಾನು ಹೇಳಬೇಕಾದದ್ದು ಕಂಸಗಳ ಬಗ್ಗೆ. ಅಚ್ಚಾದ ಶಾಸನ ಪಾಠ ನೋಡಿ. ಅಕ್ಷರ ಸವೆದಿದ್ದರೆ ಸಂಪಾದಕರು ಚುಕ್ಕಿ ಇಡುತ್ತಾರೆ. ಊಹೆ ಮಾಡಿ ತುಂಬಿದ್ದರೆ ಕಂಸದೊಳಗೆ ಹಾಕುತ್ತಾರೆ. ಇದು ನಾನು ಓದಿದ್ದಲ್ಲ, ನನ್ನ ಊಹೆ ಅನ್ನುವ ಪ್ರಾಮಾಣಿಕ ಗುರುತು ಅದು. ಆ ಪುಟವನ್ನು ಸರಳ ಪಠ್ಯವಾಗಿ ಟೈಪ್ ಮಾಡುವಾಗ, ಹುಡುಕಲು ಅಡ್ಡಿ ಅಂತ ಕಂಸ ಚುಕ್ಕಿಗಳನ್ನು ತೆಗೆದುಬಿಡುತ್ತಾರೆ. ನಾನೇ ಇಂಥ ಫೈಲುಗಳನ್ನು ಎಷ್ಟೋ ನೋಡಿದ್ದೇನೆ. ಕಂಸ ಬಿದ್ದುಹೋದ ಕ್ಷಣದಲ್ಲಿ ಊಹೆ ಸತ್ಯವಾಯಿತು. ನೂರು ವರ್ಷದ ಹಿಂದಿನ ಸಂಪಾದಕರು ಅಷ್ಟು ಎಚ್ಚರದಿಂದ ಇಟ್ಟ ಅನುಮಾನವನ್ನು ನಾವು ಒಂದು ಬಟನ್ ಒತ್ತಿ ಕಳೆದೆವು. ಮುಂದೆ ಯಾರೋ ಆ ಊರಿನ ಹೆಸರು ಇಷ್ಟನೇ ಶತಮಾನದಲ್ಲೇ ಇತ್ತು ಅಂತ ಬರೆಯುತ್ತಾರೆ. ಕಲ್ಲಿನ ಮೇಲೆ ಅದು ಇರಲೇ ಇಲ್ಲ.

ಇದಕ್ಕೆ ದಾರಿ ಇದೆ. 1987ರಲ್ಲಿ ಶುರುವಾದ ಟೆಕ್ಸ್ಟ್ ಎನ್‌ಕೋಡಿಂಗ್ ಇನಿಶಿಯೇಟಿವ್ ಅನ್ನುವ ಪ್ರಯತ್ನ ಇಂಥ ಗುರುತುಗಳಿಗಾಗಿಯೇ ನಿಯಮ ರೂಪಿಸಿದೆ. ಇದು ಸವೆದ ಅಕ್ಷರ, ಇದು ಸಂಪಾದಕರು ತುಂಬಿದ್ದು, ಇದು ತಿದ್ದಿದ್ದು, ಹೀಗೆ ಫೈಲಿನೊಳಗೇ ಬರೆದಿಡಬಹುದು. ಶಾಸನಗಳಿಗೆಂದೇ ಅದರದ್ದೊಂದು ರೂಪವೂ ಇದೆ. ಕಲಿಯಲು ಕಷ್ಟವೇನಿಲ್ಲ. ಬೇಕಾದದ್ದು ತಾಳ್ಮೆ.

ವಿದ್ವಾಂಸರ ನಡುವಿನ ಚರ್ಚೆಗೆ ಬರುತ್ತೇನೆ. ಇಟಲಿಯ ಸಾಹಿತ್ಯ ವಿದ್ವಾಂಸ ಫ್ರಾಂಕೊ ಮೊರೆಟ್ಟಿ 2000ದಲ್ಲಿ ‘ದೂರದ ಓದು’ ಅನ್ನುವ ಮಾತು ತಂದರು. ಸಾವಿರಾರು ಪುಸ್ತಕಗಳನ್ನು ಒಂದೊಂದಾಗಿ ಓದಲು ಒಬ್ಬರ ಆಯಸ್ಸು ಸಾಲದು, ಹಾಗಾಗಿ ದೂರ ನಿಂತು ಒಟ್ಟು ಆಕಾರ ನೋಡಬೇಕು ಅಂತ. ಹತ್ತಿರದಿಂದ ಓದದೆ ಸಾಹಿತ್ಯ ಅರ್ಥವಾಗುವುದಿಲ್ಲ ಅಂತ ಇನ್ನೊಂದು ಪಕ್ಷ. ಈ ವಾದ ಇನ್ನೂ ನಡೆಯುತ್ತಿದೆ. ಕನ್ನಡಕ್ಕೆ ನಾವು ಇದನ್ನು ಹಾಗೇ ತಂದುಕೊಳ್ಳಬೇಕಾಗಿಲ್ಲ. ದೂರದಿಂದ ನೋಡಲು ನಮ್ಮಲ್ಲಿ ಅಷ್ಟು ಶುದ್ಧ ಪಠ್ಯ ಇನ್ನೂ ಇಲ್ಲ. ಅದನ್ನು ಮಾಡಿಕೊಳ್ಳಲು ತೀರ ಹತ್ತಿರದಿಂದ ಓದಲೇಬೇಕು. ಹಾಗಾಗಿ ನಮ್ಮಲ್ಲಿ ದೂರದ ಓದಿನ ದಾರಿ ಹತ್ತಿರದ ಓದಿನ ಮೂಲಕವೇ ಹೋಗುತ್ತದೆ.

ಇನ್ನೊಂದು ಚರ್ಚೆ ನನಗೆ ನೋವು ಕೊಟ್ಟದ್ದು. ನನ್ನ ಒಬ್ಬ ವಿದ್ಯಾರ್ಥಿನಿ ಒಂದು ಹಳಗನ್ನಡ ಕೃತಿಯ ಎರಡು ಮುದ್ರಣಗಳನ್ನು ಅಕ್ಷರ ಅಕ್ಷರ ತಾಳೆ ನೋಡಿ, ವ್ಯತ್ಯಾಸಗಳನ್ನೆಲ್ಲ ಗುರುತು ಮಾಡಿದ ಫೈಲ್ ತಯಾರಿಸಿದಳು. ಮೂರು ವರ್ಷ ದುಡಿದಳು. ಒಂದು ವಿಚಾರ ಸಂಕಿರಣದಲ್ಲಿ ಅದನ್ನು ಮಂಡಿಸಿದಾಗ ಹಿರಿಯರೊಬ್ಬರು ಎದ್ದು, ‘ಟೈಪ್ ಮಾಡಿದ್ದೀಯ, ಸರಿಯಮ್ಮ. ಸಂಶೋಧನೆ ಎಲ್ಲಿ?’ ಅಂತ ಕೇಳಿದರು. ಅವಳು ಉತ್ತರ ಕೊಡಲಾಗದೆ ಕೂತುಬಿಟ್ಟಳು. ಅವತ್ತು ಸಭೆಯಲ್ಲಿ ನಾನೂ ಇದ್ದೆ. ಎದ್ದು ಮಾತಾಡಬೇಕಿತ್ತು. ಇವತ್ತು ಹೇಳುತ್ತೇನೆ: ಒಂದು ‘ೞ’ ಎಲ್ಲಿ ಉಳಿಯಬೇಕು ಅಂತ ತೀರ್ಮಾನಿಸಲು ಛಂದಸ್ಸು ಗೊತ್ತಿರಬೇಕು, ವ್ಯಾಕರಣ ಗೊತ್ತಿರಬೇಕು, ಹಸ್ತಪ್ರತಿ ಓದಲು ಬರಬೇಕು. ಕಾಗದದ ಮೇಲೆ ಇದೇ ಕೆಲಸ ಮಾಡಿದವರನ್ನು ನಾವು ಗ್ರಂಥ ಸಂಪಾದಕರು ಅಂತ ಕರೆದು ಶಾಲು ಹೊದಿಸಿದ್ದೇವೆ. ಪರದೆಯ ಮೇಲೆ ಮಾಡಿದರೆ ಬರೀ ಟೈಪಿಂಗ್ ಆಗುತ್ತದೆಯೇ?

ಹಳೆಯ ಪುಸ್ತಕಗಳನ್ನು ಎಲ್ಲರೂ ಸೇರಿ ಟೈಪ್ ಮಾಡಿ ತಿದ್ದುವ ಜಾಲತಾಣ ಕನ್ನಡ ವಿಕಿಸೋರ್ಸ್. ಅಲ್ಲಿ ಒಂದು ಪದ್ಧತಿ ಇದೆ. ಪುಟವೊಂದನ್ನು ಒಬ್ಬರು ತಿದ್ದಿದರೆ ಹಳದಿ ಬಣ್ಣ. ಇನ್ನೊಬ್ಬರು ಮತ್ತೆ ನೋಡಿ ಒಪ್ಪಿದರೆ ಮಾತ್ರ ಹಸಿರು. ಗಲ್ಲರಾತೆಯಲ್ಲಿ ಕಾರ್ಡುಗಳನ್ನು ತಾಳೆ ನೋಡುತ್ತಿದ್ದ ಕ್ರಮವೇ ಇಲ್ಲೂ ಇದೆ. ಒಂದು ವ್ಯತ್ಯಾಸ, ಇಲ್ಲಿ ಯಾರು ಯಾವ ಅಕ್ಷರ ಬದಲಾಯಿಸಿದರು ಅನ್ನುವುದು ದಾಖಲೆಯಾಗಿ ಉಳಿಯುತ್ತದೆ. ನಮ್ಮ ವಿಭಾಗಗಳು ಪಠ್ಯ ತಯಾರಿಸುವಾಗಲೂ ಇಷ್ಟು ಮಾಡಿದರೆ ಸಾಕು. ಯಾವ ಮುದ್ರಣದಿಂದ ತೆಗೆದುಕೊಂಡದ್ದು, ಯಾರು ಟೈಪ್ ಮಾಡಿದರು, ಯಾರು ತಿದ್ದಿದರು, ಯಾವ ಅಕ್ಷರಗಳನ್ನು ಬದಲಾಯಿಸಿದರು ಅಂತ ಫೈಲಿನ ತಲೆಯಲ್ಲಿ ನಾಲ್ಕು ಸಾಲು.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ವಿದ್ಯಾರ್ಥಿ: ಮೇಡಂ, ಈಗ ಎಐ ಬಂದಿದೆ. ಸ್ಕ್ಯಾನ್ ಮಾಡಿದ ಪುಟ ಕೊಟ್ಟರೆ ತಾನೇ ಓದಿ ತಿದ್ದಿ ಕೊಡುತ್ತದೆ. ಇಷ್ಟೆಲ್ಲ ಕಷ್ಟ ಇನ್ನೂ ಬೇಕಾ?

ಒಳ್ಳೆಯ ಪ್ರಶ್ನೆ. ನಾನೂ ಬಳಸುತ್ತೇನೆ, ಕೆಲಸ ಎಷ್ಟೋ ಹಗುರವಾಗಿದೆ. ದ, ಧ, ಥ ಗೊಂದಲ, ಪ, ಷ ಗೊಂದಲ ಮೊದಲಿಗಿಂತ ಕಡಿಮೆ. ಆದರೆ ಅದು ಓದುವುದು ಹೇಗೆ? ಅಕ್ಷರ ಮಸುಕಾಗಿದ್ದರೆ, ಇಲ್ಲಿ ಸಾಮಾನ್ಯವಾಗಿ ಯಾವ ಪದ ಬರುತ್ತದೋ ಅದನ್ನು ಹಾಕುತ್ತದೆ. ಅದು ಜಾಸ್ತಿ ಓದಿರುವುದು ಇವತ್ತಿನ ಕನ್ನಡ. ‘ಆದಡೆ’ ಕಂಡರೆ ‘ಆದರೆ’ ಅಂತ ಬರೆಯುವ ಸಾಧ್ಯತೆ ಇದ್ದೇ ಇದೆ. ಬುಸಾ ಹೇಳಿದ ಲ್ಯಾಟಿನ್ ಪಂಡಿತರ ತೊಂದರೆಯೇ ಇದಕ್ಕೂ ಇದೆ. ಹಳೆಯ ಯಂತ್ರ ತಪ್ಪು ಮಾಡಿದರೆ ಅರ್ಥವಿಲ್ಲದ ಅಕ್ಷರ ಬರುತ್ತಿತ್ತು, ಕಣ್ಣಿಗೆ ಹೊಡೆಯುತ್ತಿತ್ತು. ಇದರ ತಪ್ಪು ಒಳ್ಳೆಯ ಕನ್ನಡದಲ್ಲಿರುತ್ತದೆ. ಹಿಡಿಯುವುದು ಕಷ್ಟ. ಮೂಲ ಪುಟ ಪಕ್ಕದಲ್ಲಿಟ್ಟುಕೊಂಡು ನೋಡಲೇಬೇಕು.

ಕೊನೆಯ ಸಾಲಿನಲ್ಲಿ ಒಬ್ಬ ಹೆಂಗಸು ಕೂತಿದ್ದರು. ಐವತ್ತು ದಾಟಿದವರು. ವಿಭಾಗದವರಲ್ಲ, ಮಗಳ ಜತೆ ಬಂದಿದ್ದರಂತೆ. ಮೈಕ್ ಬೇಡ ಅಂತ ಕೈ ಆಡಿಸಿ, ನಿಂತೇ ಮಾತಾಡಿದರು.

‘ಮೇಡಂ, ನಾನು ಇಪ್ಪತ್ತೆರಡು ವರ್ಷ ಡಿಟಿಪಿ ಮಾಡಿದೀನಿ. ಹಳಗನ್ನಡ ಪುಸ್ತಕಾನೂ ಮಾಡಿದೀನಿ. ಆಗ ನಮ್ಮ ಫಾಂಟಲ್ಲಿ ನೀವು ಹೇಳಿದ ಆ ಅಕ್ಷರ ಇರಲಿಲ್ಲ. ಳ ಹಾಕಿ ಪ್ರಿಂಟ್ ತೆಗೀತಿದ್ವಿ. ಬಟರ್ ಪೇಪರ್ ಮೇಲೆ ಪ್ರಿಂಟ್ ಬಂದ ಮೇಲೆ, ಮೇಷ್ಟ್ರು ಗುರುತು ಹಾಕಿ ಕೊಟ್ಟ ಕಡೆಯೆಲ್ಲ ನಾನೇ ಕಪ್ಪು ಪೆನ್ನಲ್ಲಿ ಅದನ್ನ ೞ ಮಾಡ್ತಿದ್ದೆ. ಆಮೇಲೆ ಅದು ಪ್ಲೇಟಿಗೆ ಹೋಗ್ತಿತ್ತು.’

ಸಭೆ ಒಂದು ಕ್ಷಣ ಸುಮ್ಮನಾಯಿತು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಂದರೆ ಪುಸ್ತಕದಲ್ಲಿ ‘ೞ’ ಇದೆ. ಫೈಲಿನಲ್ಲಿ ‘ಳ’ ಇದೆ. ಆ ಫೈಲನ್ನೇ ಯೂನಿಕೋಡಿಗೆ ಬದಲಾಯಿಸಿದರೆ ಪೆನ್ನಿನ ತಿದ್ದುಪಡಿ ಒಂದೂ ಬರುವುದಿಲ್ಲ. ನಾವು ಅದೇ ಪುಸ್ತಕದ್ದೇ ಪಠ್ಯ ಅಂತ ನಂಬಿ ಲೆಕ್ಕ ಹಾಕುತ್ತಿರುತ್ತೇವೆ.

‘ಯಾವ ಯಾವ ಪುಸ್ತಕ ಅಂತ ನೆನಪಿದೆಯಾ ಅಮ್ಮಾ?’ ಅಂತ ಕೇಳಿದೆ.

‘ನೆನಪೇನು ಬಂತು. ಬರೆದಿಟ್ಟಿದೀನಿ. ಪುಟಕ್ಕೆ ಇಷ್ಟು ತಿದ್ದಿದೆ ಅಂತ ಲೆಕ್ಕ ಇಡ್ತಿದ್ದೆ, ದುಡ್ಡು ಕೇಳೋಕೆ.’

ಮುಂದಿನ ಸೋಮವಾರ ಆ ಪುಸ್ತಕ ನೋಡಲು ಅವರ ಮನೆಗೆ ಹೋದೆ. ನನ್ನ ವಿದ್ಯಾರ್ಥಿನಿಯನ್ನೂ ಕರೆದುಕೊಂಡು ಹೋಗಿದ್ದೆ. ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ಬೈಂಡು. ಎಡಗಡೆ ಪುಟದ ಸಂಖ್ಯೆ, ಬಲಗಡೆ ತಿದ್ದಿದ ಅಕ್ಷರಗಳ ಲೆಕ್ಕ, ಕೆಳಗೆ ರೂಪಾಯಿ. ಇಬ್ಬರೂ ಅಡುಗೆ ಮನೆಯ ಮೇಜಿನ ಮೇಲೆ ಅದನ್ನು ಬಿಚ್ಚಿಕೊಂಡು ಮೊದಲನೇ ಪುಟದಿಂದ ಓದಲು ಶುರು ಮಾಡಿದರು.